ಆಲಮಟ್ಟಿಯ ಬಿಸಿಲು, ಅಜ್ಜನ ಕಾರು

ಚಿತ್ರದುರ್ಗದಿಂದ ಉತ್ತರಾಭಿಮುಖವಾಗಿ ಹೊರಟ ಹೆದ್ದಾರಿಯು ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದಗಳನ್ನು ಹಿಂದಿಕ್ಕಿ ಕೃಷ್ಣೆಯ ಬಯಲನ್ನು ಮುಟ್ಟುವಷ್ಟರಲ್ಲಿ ನಾಡಿನ ಮುಖವೇ ಬೇರೆಯಾಗಿರುತ್ತದೆ. ಬಂಡೆಗುಡ್ಡಗಳೂ ಕೆಂಪು ನೆಲವೂ ಹಿಂದೆ ಉಳಿದು, ಎರೆಯ ಕಪ್ಪು ನೆಲ ದಿಗಂತದವರೆಗೆ ಹಾಸಿಕೊಳ್ಳುತ್ತದೆ. ಜೋಳ, ತೊಗರಿ, ಸೂರ್ಯಕಾಂತಿಗಳ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಬೇವಿನ ಮರ, ಉಳಿದುದೆಲ್ಲ ಆಕಾಶ. ಹಿಂದೆ 13ನೆಯ ಸಂಖ್ಯೆಯದಾಗಿದ್ದು ಈಗ 50ನೆಯದೆನಿಸಿರುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ನದಿಯ ಸೇತುವೆಯನ್ನು ದಾಟಿ, ನಿಡಗುಂದಿಯ ಬಳಿ ಪಕ್ಕಕ್ಕೆ ತಿರುಗಿದರೆ ಕೆಲವೇ ಕಿಲೊಮೀಟರುಗಳ ದೂರದಲ್ಲಿ ಆಲಮಟ್ಟಿ. ರೈಲಿನಲ್ಲಿ ಬರುವವರಿಗೆ ಗದಗ–ಸೊಲ್ಲಾಪುರ ಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವೂ ಉಂಟು.

ಈ ಊರಿನ ಹೆಸರು ನಾಡಿಗೆಲ್ಲ ತಿಳಿದುದು ಅಣೆಕಟ್ಟಿನಿಂದ. 1964ರ ಮೇ 22ರಂದು ಇಲ್ಲಿ ಶಂಕುಸ್ಥಾಪನೆ ಮಾಡಿದವರು ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು. ಮೂರು ವಾರ ಕಳೆಯುವುದರೊಳಗೆ ಅವರು ದೇಶದ ಪ್ರಧಾನಿಯಾದರು. ಜಲಾಶಯಕ್ಕೆ ಅವರ ಹೆಸರೇ ನಿಂತಿತು. ಕೆಲಸವಾದರೋ ನಾಲ್ಕು ದಶಕಗಳನ್ನು ತೆಗೆದುಕೊಂಡಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದರು. 26 ಗೇಟುಗಳ ಈ ಕಟ್ಟೆಯ ಹಿಂದೆ, ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದವರೆಗೆ, ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಳೆ ಬಿದ್ದರೆ ಇಲ್ಲಿ ಹೊಳೆ ಉಬ್ಬುವುದು. ಗೇಟುಗಳು ತೆರೆದ ದಿನ ಬಿಳಿಯ ನೊರೆಯ ಆ ಗೋಡೆಯನ್ನು ನೋಡಲು ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿಗಳಿಂದ ಸಂಸಾರಸಹಿತರಾಗಿ ಜನ ಬರುತ್ತಾರೆ. ಮಕ್ಕಳಿಗೆ ಶಿಲೋದ್ಯಾನ, ಹಿರಿಯರಿಗೆ ಮೊಗಲ್ ಉದ್ಯಾನ, ಸಂಜೆಗೆ ಸಂಗೀತ ಕಾರಂಜಿ. ಒಂದು ದಿನದ ವಿಹಾರಕ್ಕೆ ಬೇಕಾದುದೆಲ್ಲ ಇದೆ.

ಆದರೆ ಈ ಸೀಮೆಯ ನಿಜವಾದ ಒಡೆಯ ಸೂರ್ಯ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಮಾಪಕವು 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ನೆರಳಿಲ್ಲದ ನೆಲ, ಕೆಳಗೆ ಕಾದ ಕಲ್ಲು, ಎದುರಿಗೆ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಎಸೆಯುವ ನೀರು. ಇಂಥ ಬಯಲಿನಲ್ಲಿ ಬಾಗಿಲು ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ, ಮುಂಗಾಜಿನ ಕೆಳಗಿನ ಹಲಗೆಯು 70 ಡಿಗ್ರಿಯನ್ನು ದಾಟುವುದುಂಟು. ಹೊಸ ಕಾರು ಇದನ್ನು ತಡೆದುಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ಅನೇಕ ಮನೆಗಳ ಶೆಡ್ಡಿನಿಂದ ಹೊರಬಂದು, ಒರಸಿ ಮೆರುಗೇರಿಸಿಕೊಂಡು, ಮೊಮ್ಮಕ್ಕಳನ್ನು ಹೊತ್ತು ದೂರ ಹೊರಡುತ್ತಿರುವ ಅಜ್ಜನ ಅಂಬಾಸಿಡರಿಗೂ ಪದ್ಮಿನಿಗೂ ಈ ಬಿಸಿಲು ಒಂದು ಪರೀಕ್ಷೆಯೇ ಸರಿ. ಕರಾವಳಿಯಲ್ಲಿ ಹಳೆಯ ಕಾರಿನ ವೈರಿ ನೀರು. ಅದು ಕಬ್ಬಿಣವನ್ನು ತಿನ್ನುತ್ತದೆ. ಬಯಲುಸೀಮೆಯಲ್ಲಿ ವೈರಿ ಬಿಸಿಲು. ಅದು ತಿನ್ನುವುದು ಪ್ಲಾಸ್ಟಿಕ್ಕನ್ನು.

ಬಿಸಿಲು ಮಾಡುವ ಕೆಲಸ

ಪ್ಲಾಸ್ಟಿಕ್ ಎಂದೂ ಹಾಳಾಗದ ವಸ್ತುವೆಂಬ ನಂಬಿಕೆ ನಮ್ಮಲ್ಲಿದೆ. ಕಸದ ಗುಂಡಿಯಲ್ಲಿ ಅದು ನಿಜವಿರಬಹುದು, ಕಾರಿನಲ್ಲಿ ನಿಜವಲ್ಲ. ಪ್ಲಾಸ್ಟಿಕ್ ಎಂಬುದು ಸಾವಿರಾರು ಕೊಂಡಿಗಳ ಉದ್ದನೆಯ ಅಣುಸರಪಳಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಆ ಸರಪಳಿಯನ್ನು ಒಂದೊಂದೇ ಕಡೆ ಕತ್ತರಿಸುತ್ತ ಬರುತ್ತವೆ. ಮೊದಲು ಬಣ್ಣ ಮಾಸುತ್ತದೆ. ಆಮೇಲೆ ಮೇಲ್ಮೈ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಕೊನೆಗೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಆಸನಗಳಿಗೆ ಹೊದಿಸಿದ ರೆಕ್ಸಿನ್ನಿನ ಕಥೆ ಸ್ವಲ್ಪ ಬೇರೆ. ಅದನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ದ್ರವ್ಯವು ಕಾವಿಗೆ ಮೆಲ್ಲಮೆಲ್ಲನೆ ಆರಿಹೋಗುತ್ತದೆ. ಬೇಸಗೆಯಲ್ಲಿ ಕಾರಿನ ಮುಂಗಾಜಿನ ಒಳಮೈಗೆ ಜಿಡ್ಡಿನ ಮಂಜು ಹಿಡಿಯುವುದನ್ನು ಎಷ್ಟೋ ಮಂದಿ ಕಂಡಿರುವರು. ಹಾಗೆ ಆರಿಹೋದುದರಲ್ಲಿ ಒಂದು ಪಾಲು ಅಲ್ಲಿ ಬಂದು ಕುಳಿತಿರುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಹಳೆಯ ಕಾರಿನ ಬಾಗಿಲು ತುಕ್ಕು ತಿಂದರೆ ತಗಡು ಬಡಿಯುವ ಕಸುಬುದಾರನು ಹೊಸ ತಗಡು ಕತ್ತರಿಸಿ, ಬೆಸೆದು, ಮೊದಲಿನಂತೆಯೇ ಮಾಡಿಕೊಡುತ್ತಾನೆ. ಎಂಜಿನ್ನಿನ ಭಾಗ ಸವೆದರೆ ಲೇಥಿನ ಮೇಲೆ ಕಡೆಯಿಸಿಕೊಳ್ಳಬಹುದು. ಹಿಂದೀಪದ ಕೆಂಪು ಮುಚ್ಚಳವೋ ಗೇರಿನ ಹಿಡಿಯ ಗುಂಡೋ ಒಡೆದರೆ ಮಾತ್ರ ಅದನ್ನು ಬಡಿದು ಮಾಡುವಂತಿಲ್ಲ. ಅದು ಒಂದು ಅಚ್ಚಿನಿಂದ ಬಂದುದು. ಉತ್ತರಪಾರದ ಕಾರ್ಖಾನೆಯು 2014ರಲ್ಲಿ ಅಂಬಾಸಿಡರನ್ನು ನಿಲ್ಲಿಸಿತು. ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಅಂಗಡಿಯಲ್ಲಿ ಉಳಿದಿದ್ದ ಬಿಡಿಭಾಗ ತೀರಿತೆಂದರೆ ತೀರಿತು. ಕಾರಿನಲ್ಲಿ ಎಲ್ಲಕ್ಕಿಂತ ಅಗ್ಗವೆಂದು ತೋರುವ ತುಣುಕೇ ಹೀಗೆ ಎಲ್ಲಕ್ಕಿಂತ ದುರ್ಲಭವಾಗುವುದು.

ಬೇಕಲೈಟಿನಿಂದ ಡಾಲ್ಫಿನ್‌ವರೆಗೆ

ಪ್ಲಾಸ್ಟಿಕ್ಕು ಕಾರಿನೊಳಗೆ ಕಾಲಿಟ್ಟುದು ನಿನ್ನೆ ಮೊನ್ನೆಯಲ್ಲ. ಬಟ್ಟೆಯ ಮಾಡಿನ ಮೊದಮೊದಲ ಕಾರುಗಳ ಪಕ್ಕದ ಪರದೆಗಳಲ್ಲಿ ಕಿಟಕಿಯಾಗಿ ಸೆಲ್ಯುಲಾಯ್ಡಿನ ಹಾಳೆಯಿತ್ತು. 1907ರಲ್ಲಿ ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ಲಿಯೊ ಬೇಕಲೆಂಡ್ ಅಮೆರಿಕದಲ್ಲಿ ಕಂಡುಹಿಡಿದ ಬೇಕಲೈಟ್, ವಿದ್ಯುತ್ತನ್ನು ತಡೆಯುವ ಗುಣದಿಂದಾಗಿ ಎಂಜಿನ್ನಿನ ಬಳಿ ಸ್ಥಾನ ಪಡೆಯಿತು. ನಮ್ಮ ಹಳೆಯ ಮನೆಗಳ ಕರಿಯ ವಿದ್ಯುತ್ ಗುಂಡಿಗಳೂ ಬಾಣಲೆಯ ಹಿಡಿಕೆಗಳೂ ಅದೇ ವಸ್ತುವಿನವು. ಬಳಿಕ ದೀಪದ ಮುಚ್ಚಳಗಳಿಗೆ ಅಕ್ರಿಲಿಕ್, ಆಸನಕ್ಕೂ ತಂತಿಗಳ ಹೊದಿಕೆಗೂ ಪಿವಿಸಿ, ಮುಖದ ಜಾಲರಿಗೂ ಡ್ಯಾಶ್‌ಬೋರ್ಡಿಗೂ ಎಬಿಎಸ್, ಬಂಪರಿಗೆ ಪಾಲಿಪ್ರೊಪಿಲೀನ್, ಹೀಗೆ ಒಂದೊಂದಾಗಿ ಬಂದವು. 1953ರಲ್ಲಿ ಅಮೆರಿಕದ ಷೆವ್ರೊಲೆ ಕಾರ್ವೆಟ್ ಗಾಜುನಾರಿನ ಮೈಯನ್ನೇ ತೊಟ್ಟು ಹೊರಬಂದಿತು. ಪೂರ್ವ ಜರ್ಮನಿಯ ಟ್ರಾಬಾಂಟ್, ಹತ್ತಿಯ ಚಿಂದಿಯನ್ನು ರಾಳದಲ್ಲಿ ಅದ್ದಿ ಒತ್ತಿದ ಹಲಗೆಗಳನ್ನು ಹೊದೆದು ಮೂವತ್ತು ವರ್ಷಕ್ಕೂ ಮಿಕ್ಕಿ ಓಡಿತು.

ಇಂಥ ಕಾರೊಂದು ಕನ್ನಡ ನಾಡಿನಲ್ಲಿಯೇ ತಯಾರಾಗುತ್ತಿತ್ತೆಂಬುದು ಇಂದಿನ ಮಕ್ಕಳಿಗೆ ಆಶ್ಚರ್ಯವಾದೀತು. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಸಂಸ್ಥೆಯು ಮೂರು ಗಾಲಿಗಳ 'ಬಾದಲ್' ಎಂಬ ಪುಟ್ಟ ಕಾರನ್ನು ಹೊರತಂದಿತು. ಅದರ ಮೈ ಗಾಜುನಾರಿನದು. ಮುಂದೆ ಸಿಪಾನಿ ಎಂಬ ಹೆಸರು ತಳೆದ ಅದೇ ಸಂಸ್ಥೆ ಇಂಗ್ಲೆಂಡಿನ ಟ್ಯಾಮ್‌ವರ್ತಿನ ರಿಲಯಂಟ್ ಕಂಪನಿಯ 'ಕಿಟನ್' ಕಾರನ್ನು ಆಧರಿಸಿ 1982ರಲ್ಲಿ 'ಡಾಲ್ಫಿನ್' ಕಾರನ್ನು ತಯಾರಿಸಿತು. ಅಲ್ಯುಮಿನಿಯಮ್ಮಿನ 848 ಸಿಸಿ ಎಂಜಿನ್ನು, ಉಕ್ಕಿನ ಚೌಕಟ್ಟು, ಅದರ ಮೇಲೆ ಎಂದೂ ತುಕ್ಕು ಹಿಡಿಯದ ಹಗುರವಾದ ಮೈ. ಶೋಳಾವರದ ಓಟದ ಪಥದಲ್ಲಿ ಅದು ಹೆಸರು ಮಾಡಿದುದೂ ಉಂಟು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಪುಟ್ಟ ಡಾಲ್ಫಿನ್ನು ಆ ಅಲೆಯಲ್ಲಿ ಮುಳುಗಿತು. ಇಂದು ಅಳಿದುಳಿದ ಡಾಲ್ಫಿನ್ನುಗಳನ್ನು ಕಾಪಾಡುವವರಿಗೆ ಪ್ಲಾಸ್ಟಿಕ್ಕಿನ ರಿಪೇರಿಯೆಂದರೆ ಅಲಂಕಾರದ ಮಾತಲ್ಲ, ಇಡೀ ಕಾರಿನ ಮಾತು. ಜೇಡರ ಬಲೆಯಂಥ ಬಿರುಕು ಕಂಡಲ್ಲಿ ಸುತ್ತಲೂ ಇಳಿಜಾರಾಗಿ ಉಜ್ಜಿ, ಒಳಗಡೆಯಿಂದ ಗಾಜುನಾರಿನ ಹೊಸ ಚಾಪೆಯನ್ನು ರಾಳದಲ್ಲಿ ನೆನೆಸಿ ಅಂಟಿಸಿ, ಮೇಲೆ ಪುಟ್ಟಿ ಹಚ್ಚಿ ಸಮಮಾಡಬೇಕು. ಹೊರಗಿನಿಂದ ಬರಿಯ ಪುಟ್ಟಿ ತುಂಬಿದರೆ ಬಿರುಕು ಮೊದಲ ಕುಲುಕಾಟಕ್ಕೇ ಮತ್ತೆ ತಲೆಯೆತ್ತುವುದು.

ರೊಟ್ಟಿಯೂ ಬೆಲ್ಲವೂ

ಒಡೆದ ತುಣುಕನ್ನು ಕೂಡಿಸುವ ಮೊದಲು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನು ತಿಳಿಯಬೇಕು. ಜಾತಿಗಳು ಬಹಳ, ಆದರೆ ಕುಲಗಳು ಎರಡೇ. ವಿಜಯಪುರ ಸೀಮೆಯ ಅಡುಗೆಮನೆಯಿಂದಲೇ ಉಪಮಾನ ಕೊಡಬಹುದು. ಬೆಲ್ಲವನ್ನು ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಎಬಿಎಸ್, ಅಕ್ರಿಲಿಕ್, ಪಾಲಿಪ್ರೊಪಿಲೀನ್‌ಗಳು ಈ ಕುಲದವು. ಜೋಳದ ಖಡಕ್ ರೊಟ್ಟಿಯನ್ನಾದರೋ ಎಷ್ಟು ಕಾಯಿಸಿದರೂ ಅದು ಮರಳಿ ಹಿಟ್ಟಾಗದು, ಸೀದೀತು, ಅಷ್ಟೆ. ಬೇಕಲೈಟ್ ಮತ್ತು ಗಾಜುನಾರಿನ ರಾಳ ಈ ಎರಡನೆಯ ಕುಲದವು. ಮೊದಲನೆಯ ಕುಲವನ್ನು ಕರಗಿಸಿ ಬೆಸೆಯಬಹುದು. ಎರಡನೆಯದನ್ನು ಅಂಟಿಸಬಹುದೇ ಹೊರತು ಬೆಸೆಯಲಾಗದು.

ಈಚಿನ ತುಣುಕುಗಳ ಹಿಂಬದಿಯಲ್ಲಿ ಜಾತಿಯ ಹೆಸರನ್ನೇ ಅಚ್ಚೊತ್ತಿರುತ್ತಾರೆ. ಹಳೆಯವುಗಳಲ್ಲಿ ಅದಿಲ್ಲ. ಆಗ ಒಂದು ಬಟ್ಟಲು ನೀರು ಸಾಕು. ಪಾಲಿಪ್ರೊಪಿಲೀನಿನ ಚೂರು ತೇಲುತ್ತದೆ. ಎಬಿಎಸ್, ಅಕ್ರಿಲಿಕ್, ಪಿವಿಸಿ, ಬೇಕಲೈಟ್ ಮುಳುಗುತ್ತವೆ. ಮುಳುಗಿದುದರ ಹಿಂಬದಿಗೆ ಅಸಿಟೋನಿನ ಒಂದು ಹನಿ ಮುಟ್ಟಿಸಿದರೆ ಎಬಿಎಸ್ಸೂ ಅಕ್ರಿಲಿಕ್ಕೂ ಅಂಟಂಟಾಗುತ್ತವೆ, ಬೇಕಲೈಟು ಕದಲದು. ಉಗುರುಬಣ್ಣ ತೆಗೆಯುವ ಎಷ್ಟೋ ದ್ರವಗಳಲ್ಲಿ ಇರುವುದು ಈ ಅಸಿಟೋನೇ. ಬೆಂಕಿಗೆ ಬೇಗ ಬಲಿಯಾಗುವ ವಸ್ತುವಾದುದರಿಂದ ಅಡುಗೆಮನೆಯ ಬಳಿ ಮಾತ್ರ ಇದನ್ನು ತೆರೆಯಬಾರದು.

ಬಿರುಕನ್ನು ಬೆಸೆಯುವ ಬಗೆ

ಮೊದಲ ಕೆಲಸ ತೊಳೆಯುವುದು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟೇ ಉಪಕರಣ. ಪೆಟ್ರೋಲು, ಥಿನ್ನರುಗಳಿಂದ ಒರಸುವ ಅಭ್ಯಾಸ ಅನೇಕ ಕಡೆ ಇದೆ. ಅದರಿಂದ ಕೊಳೆಯ ಜೊತೆಗೆ ತುಣುಕಿನ ಮೈಯೂ ಹೋಗುವುದು.

ಬಿರುಕು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಎರಡು ಮಿಲಿಮೀಟರಿನ ಒಂದು ಸಣ್ಣ ತೂತು ಕೊರೆಯುವುದು ಎರಡನೆಯ ಕೆಲಸ. ಒಡೆಯುವ ಬಲವೆಲ್ಲ ಬಿರುಕಿನ ಚೂಪಾದ ತುದಿಯಲ್ಲಿ ಕೂಡಿರುತ್ತದೆ; ತುದಿ ದುಂಡಗಾದರೆ ಆ ಬಲ ಹಂಚಿಹೋಗಿ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಅನಂತರ ಹಿಂಬದಿಯಿಂದ ಬಿರುಕಿನ ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೊರೆಯಬೇಕು. ತುಣುಕು ಎಬಿಎಸ್ಸಾದರೆ, ಅದೇ ಜಾತಿಯ ಚೂರುಗಳನ್ನು ಅಸಿಟೋನಿನಲ್ಲಿ ನೆನೆಹಾಕಿ ಜೇನಿನಷ್ಟು ಮಂದವಾದ ಅಂಟನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮಕ್ಕಳ ಲೆಗೊ ಇಟ್ಟಿಗೆ ಎಬಿಎಸ್ಸಿನದೇ. ಮುರಿದ ಒಂದೆರಡು ಇಟ್ಟಿಗೆಗಳು ಅಜ್ಜನ ಕಾರಿನ ಜಾಲರಿಗೆ ಜೀವ ಕೊಟ್ಟಾವು. ಈ ಅಂಟು ಮೇಲೆ ಕುಳಿತುಕೊಳ್ಳುವುದಲ್ಲ. ಎರಡು ಅಂಚುಗಳನ್ನೂ ಕರಗಿಸಿ ಒಂದಾಗಿಸುವುದು. ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬಿಡಬೇಕು.

ಪಾಲಿಪ್ರೊಪಿಲೀನಿನ ಬಂಪರಿಗೆ ಸಾಮಾನ್ಯ ಅಂಟು ಯಾವುದೂ ಹತ್ತುವುದಿಲ್ಲ. ಅದೇ ಜಾತಿಯ ಕಡ್ಡಿಯನ್ನು ಬಿಸಿ ಕಬ್ಬಿಣದಿಂದ ಕರಗಿಸಿ, ಹಿಂಬದಿಯಲ್ಲಿ ತೆಳುವಾದ ಉಕ್ಕಿನ ಜಾಲರಿಯನ್ನು ಹುದುಗಿಸಿ ಬೆಸೆಯುವರು. ಸ್ಟಿಯರಿಂಗ್ ಚಕ್ರದ ವಿಚಾರ ಇನ್ನೊಂದು ಬಗೆ. ಅದರ ಒಳಗೆ ಉಕ್ಕಿನ ಬಳೆ, ಹೊರಗೆ ಗಡುಸು ಹೊದಿಕೆ. ಕಾವಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ವರ್ಷಗಳ ಹಿಗ್ಗು ಕುಗ್ಗುಗಳಿಂದ ಅಡ್ಡಕಡ್ಡಿ ಸೇರುವ ಕಡೆ ಹೊದಿಕೆ ಬಾಯಿಬಿಡುತ್ತದೆ. ಬಿರುಕನ್ನು ಅಗಲಮಾಡಿ, ಒಳಗಿನ ತುಕ್ಕನ್ನು ತೆಗೆದು, ಎಪಾಕ್ಸಿ ಪುಟ್ಟಿಯನ್ನು ಒತ್ತಿ ತುಂಬಿ, ಬೆರಳುಗಳು ಕೂರುವ ಗುಳಿಗಳಿಗೆ ಸರಿಯಾಗಿ ಅರದಿಂದ ಉಜ್ಜುವುದು ನಿಧಾನದ ಕೆಲಸ. ಬೇಕಲೈಟಿನ ಹಳೆಯ ತುಣುಕುಗಳಲ್ಲಿ ಕಲ್ನಾರು ಬೆರೆತಿರುವ ಸಂಭವವಿರುವುದರಿಂದ ಅವನ್ನು ಒಣಗಿದಾಗ ಉಜ್ಜಬಾರದು. ನೀರು ಹನಿಸುತ್ತ, ಮೂಗಿಗೆ ಧೂಳು ತಡೆಯುವ ಮುಖವಾಡ ಕಟ್ಟಿಕೊಂಡು ಉಜ್ಜಬೇಕು.

ಚೂರೇ ಕಾಣೆಯಾಗಿದ್ದರೆ? ಕಾರಿನ ಬಲಗಡೆಯ ತುಣುಕು ಒಡೆದು ಎಡಗಡೆಯದು ಉಳಿದಿರುವುದುಂಟು. ಎರಡೂ ಒಂದೇ ಆಕಾರದವಾದರೆ, ಉಳಿದುದರ ಮೇಲೆ ಸಿಲಿಕೋನ್ ರಬ್ಬರನ್ನು ಸುರಿದು ಅಚ್ಚು ತೆಗೆದು ರಾಳದಲ್ಲಿ ಎರಕ ಹೊಯ್ಯಬಹುದು. ಈಗ ಗಣಕಯಂತ್ರದ ಸಹಾಯದಿಂದ ವಸ್ತುವನ್ನೇ ಪದರ ಪದರವಾಗಿ ಮುದ್ರಿಸುವ ಯಂತ್ರಗಳೂ ಬಂದಿವೆ; ಬೆಂಗಳೂರಿನಲ್ಲಿ ಈ ಕೆಲಸ ಮಾಡಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಆ ಯಂತ್ರಗಳಲ್ಲಿ ಬಹು ಬಳಕೆಯಲ್ಲಿರುವ ಪಿಎಲ್‌ಎ ಎಂಬ ದಾರವು ಸುಮಾರು 60 ಡಿಗ್ರಿಗೇ ಮೆದುವಾಗುತ್ತದೆ. ಬೆಂಗಳೂರಿನ ಮಳಿಗೆಯಲ್ಲಿ ಸೊಗಸಾಗಿ ಕಂಡ ತುಣುಕು ಆಲಮಟ್ಟಿಯ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ನಿಂತರೆ ಮೇಣದಂತೆ ಬಾಗೀತು. ಎಬಿಎಸ್ ಅಥವಾ ಬಿಸಿಲಿಗೆ ಇನ್ನೂ ಚೆನ್ನಾಗಿ ತಾಳುವ ಎಎಸ್‌ಎ ದಾರವನ್ನೇ ಕೇಳಿ ಪಡೆಯಬೇಕು.

ಬಣ್ಣ ಮತ್ತು ಹೊಳಪು

ಮಾಸಿದ ಹಿಂದೀಪದ ಮುಚ್ಚಳವನ್ನು ಎಸೆಯುವ ಮೊದಲು ಒಂದು ಗಂಟೆಯ ಶ್ರಮ ಮಾಡಿ ನೋಡಬೇಕು. 800, 1500, 2000 ಸಂಖ್ಯೆಗಳ ವಾಟರ್ ಪೇಪರುಗಳಿಂದ ಕ್ರಮವಾಗಿ ನೀರು ಹಾಕಿಕೊಂಡು ಉಜ್ಜಿ, ಕೊನೆಗೆ ಮೆರುಗು ಕೊಡುವ ಲೇಪವನ್ನು ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿದರೆ, ಮಂಜು ಕವಿದಿದ್ದ ಅಕ್ರಿಲಿಕ್ಕಿನಲ್ಲಿ ಮಾಣಿಕ್ಯದ ಕೆಂಪು ಮರಳಿ ಬರುತ್ತದೆ. ಒಂದು ಸಂಖ್ಯೆಯನ್ನೂ ನಡುವೆ ಹಾರಿಸುವಂತಿಲ್ಲ. ಹಿಂದಿನ ಕಾಗದದ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಿನದು.

ಬಣ್ಣ ಬಳಿಯುವ ತುಣುಕನ್ನು 400 ಸಂಖ್ಯೆಯ ಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ, ಕೈಜಿಡ್ಡನ್ನು ಆಲ್ಕೊಹಾಲಿನಿಂದ ಒರಸಿ, ಪ್ಲಾಸ್ಟಿಕ್ಕಿಗೆಂದೇ ಇರುವ ಅಡಿಲೇಪವನ್ನು ಮೊದಲು ಹೊಡೆಯಬೇಕು. ಬಣ್ಣವನ್ನು ತೆಳುವಾಗಿ ಮೂರು ನಾಲ್ಕು ಸಲ ಹೊಡೆಯುವುದು ಮೇಲು. ಒಂದೇ ಸಲ ದಪ್ಪಗೆ ಹೊಡೆದರೆ ಅದು ಇಳಿದು ಹೆಪ್ಪುಗಟ್ಟುತ್ತದೆ. ಬೇಗ ಒಣಗಲೆಂದು ಬಿಸಿಲಿನಲ್ಲಿ ಹೊಡೆಯುವುದು ಸಾಮಾನ್ಯವಾದ ತಪ್ಪು. ಕಾದ ಮೈಗೆ ತಾಗುವ ಮುಂಚೆಯೇ ಬಣ್ಣದ ಹನಿಗಳು ಅರೆಬರೆ ಒಣಗಿ, ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗಿ ಕೂರುತ್ತವೆ. ನೆರಳೂ ತಾಳ್ಮೆಯೂ ಇದ್ದಲ್ಲಿ ಮಾತ್ರ ಬಣ್ಣ ಚೆನ್ನಾಗಿ ಬರುವುದು. ಮೇಲೊಂದು ಕಡೆಯ ಪದರವಾಗಿ, ಅತಿನೇರಳೆ ಕಿರಣವನ್ನು ತಡೆಯುವ ತಿಳಿಲೇಪವನ್ನು ಕೊಡದಿದ್ದರೆ ಮೂರು ಬೇಸಗೆಗಳಲ್ಲಿ ಎಲ್ಲವೂ ಮೊದಲಿನಂತೆಯೇ ಆದೀತು.

ಯಾವುದನ್ನು ಉಳಿಸಬೇಕು?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ತಿರುಗಾಡಿದರೆ ಹಳೆಯದರಂತೆಯೇ ಕಾಣುವ ಹೊಸ ತುಣುಕುಗಳು ಒಮ್ಮೊಮ್ಮೆ ಸಿಕ್ಕಾವು. ಅವು ಮಿರಮಿರನೆ ಮಿಂಚುತ್ತವೆ, ಬೆಲೆಯೂ ಹೆಚ್ಚಲ್ಲ. ಅದನ್ನು ತಂದು ಹಾಕಿ ಬಿರುಕು ಬಿಟ್ಟ ಹಳೆಯದನ್ನು ಕಸಕ್ಕೆ ಎಸೆಯುವುದು ಸುಲಭ. ಆದರೆ ನಲವತ್ತು ವರ್ಷ ಮನೆಯ ಯಜಮಾನರ ಅಂಗೈ ಉಜ್ಜಿ ನುಣುಪಾದ ಗೇರಿನ ಗುಂಡು ಯಾವ ಅಂಗಡಿಯಲ್ಲಿಯೂ ಸಿಗದು. ಹಾಗೆ ಎಸೆದ ಮೇಲೆ, ಮುಂದೊಂದು ದಿನ ಅಚ್ಚು ತೆಗೆಯಲಿಕ್ಕೂ ಮಾದರಿ ಉಳಿಯದು.

ಸರ್ಕಾರವು 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕವಾದ 'ವಿಎ' ಸಂಖ್ಯಾಫಲಕವನ್ನು ಗೊತ್ತುಮಾಡಿತು. ಚೌಕಟ್ಟು, ಮೈ, ಎಂಜಿನ್ನುಗಳು ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಷರತ್ತು. ಆ ಫಲಕ ಹೊತ್ತ ಕಾರನ್ನು ಪ್ರದರ್ಶನ, ರ‍್ಯಾಲಿ ಮುಂತಾದುವಕ್ಕೆ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾನೂನು ಕಬ್ಬಿಣದ ಮೂಲರೂಪವನ್ನು ಹೀಗೆ ಕಾಯುತ್ತದೆ. ದೀಪದ ಮುಚ್ಚಳ, ಗುಂಡಿ, ಹಿಡಿಕೆಗಳನ್ನು ಕೇಳುವವರಿಲ್ಲ. ಅವನ್ನು ಕಾಯಬೇಕಾದುದು ಮನೆಯವರೇ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನೂ ಶ್ರೀರಂಗಪಟ್ಟಣದ ಬಳಿಯ 'ಪಯಣ'ವನ್ನೂ ನೋಡುವವರು ದೊಡ್ಡ ದೊಡ್ಡ ಮೂತಿಗಳನ್ನು ನೋಡಿದ ಮೇಲೆ ಒಮ್ಮೆ ಬಗ್ಗಿ ಒಳಗಿನ ಈ ಸಣ್ಣಪುಟ್ಟ ತುಣುಕುಗಳನ್ನೂ ನೋಡುವುದು ಒಳ್ಳೆಯದು.

ಉಳಿಸುವುದೆಂದರೇನು ಎಂಬ ಪ್ರಶ್ನೆ ಆಲಮಟ್ಟಿಯ ಸೀಮೆಗೆ ಹೊಸದಲ್ಲ. ಹಿನ್ನೀರು ಏರಿದಾಗ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳೂ ನೀರಿನ ಪಾಲಾದವು. ಜನ ನವನಗರಕ್ಕೂ ಪುನರ್ವಸತಿ ಊರುಗಳಿಗೂ ಹೊರಟುಹೋದರು. ಒಯ್ಯಬಹುದಾದುದನ್ನು ಒಯ್ದರು, ಒಯ್ಯಲಾಗದುದು ಮುಳುಗಿತು. ಆದರೆ ಅಣೆಕಟ್ಟಿನ ಕೆಳಗಡೆ, ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲಸಂಗಮದಲ್ಲಿ ಬೇರೊಂದು ದಾರಿ ಕಂಡಿತು. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಯವರೆಗೆ ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕಿತ್ತು ಬೇರೆಡೆಗೆ ಒಯ್ಯಲಿಲ್ಲ, ಅದರಂತೆಯೇ ಇನ್ನೊಂದನ್ನು ದಡದ ಮೇಲೆ ಕಟ್ಟಿ ತೃಪ್ತರಾಗಲೂ ಇಲ್ಲ. ಇದ್ದಲ್ಲಿಯೇ ಇರಿಸಿ, ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿದರು. ಇಂದು ಯಾತ್ರಿಕರು ನೀರಿನ ನಡುವೆ ಮೆಟ್ಟಿಲಿಳಿದು ಆ ಮೂಲಸ್ಥಾನವನ್ನೇ ಕಾಣುತ್ತಾರೆ. ಅದರ ಮಹತ್ತಿಗೂ ಒಂದು ಕಾರಿನ ತುಣುಕಿಗೂ ಹೋಲಿಕೆಯಿಲ್ಲ. ಆದರೆ ಹೊಸದನ್ನು ತರುವುದಕ್ಕಿಂತ ಇದ್ದುದನ್ನು ಕಾಯುವುದು ಕಷ್ಟವೆಂಬುದೂ, ಕಷ್ಟವಾದರೂ ಸಾಧ್ಯವೆಂಬುದೂ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಹಳೆಯ ಕಾರಿನಲ್ಲಿ ಆಲಮಟ್ಟಿಗೆ ಹೊರಡುವವರು ಬೇಸಗೆಯನ್ನು ಬಿಟ್ಟು ಆಗಸ್ಟಿನಿಂದ ಜನವರಿಯೊಳಗೆ ಹೊರಡುವುದು ಲೇಸು. ಮಳೆಗಾಲದ ಕೊನೆಯಲ್ಲಿ ಹೊಳೆ ತುಂಬಿರುತ್ತದೆ, ಚಳಿಗಾಲದಲ್ಲಿ ಬಿಸಿಲು ಸೌಮ್ಯವಾಗಿರುತ್ತದೆ. ಕಾರನ್ನು ಬೇವಿನ ನೆರಳಿನಲ್ಲಿ ನಿಲ್ಲಿಸಿ, ಕಿಟಕಿಗಳನ್ನು ಬೆರಳಷ್ಟು ತೆರೆದಿಟ್ಟು, ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಿಳಿಯ ಪಂಚೆಯನ್ನು ಹೊದಿಸಬೇಕು. ದಾರಿಯಲ್ಲಿ ಏನಾದರೂ ಒಡೆದರೆ ಚೂರುಗಳನ್ನೆಲ್ಲ ಆಯ್ದು ಒಂದು ಡಬ್ಬಿಯಲ್ಲಿ ಹಾಕಿಕೊಳ್ಳಬೇಕು. ಅತಿ ಸಣ್ಣ ಚೂರನ್ನೂ ಬಿಡಬಾರದು. ಎಲ್ಲ ಚೂರುಗಳೂ ಕೈಯಲ್ಲಿದ್ದರೆ ಅರ್ಧ ರಿಪೇರಿ ಆದಂತೆಯೇ.